ಹತ್ತು ಹೆಸರಿನ ಸೀಸೆ

ಮರುದಿನ ಬೆಳಿಗ್ಗೆ ಹತ್ತೂವರೆಗೆ ಅಣ್ಣನ ಮೊಕದ್ದಮೆ. ಹಿಂದಿನ ಮಧ್ಯಾಹ್ನದಿಂದಲೇ ಊರಿಗೆ ಊರೇ ತುದಿಗಾಲಲ್ಲಿ ನಿಂತುಬಿಟ್ಟಿತ್ತು. ಕ್ಷೌರದಂಗಡಿಯಲ್ಲಿ ಅರ್ಧ ಬೋಳಿಸಿದ ಗಲ್ಲವನ್ನು ಹಾಗೇ ಬಿಟ್ಟು ವಾದಕ್ಕೆ ಇಳಿದವರಿದ್ದರು. ಇಳಿಯಬೇಕಾದ ನಿಲ್ದಾಣ ದಾಟಿಹೋದರೂ ಮಾತು ನಿಲ್ಲಿಸದವರಿದ್ದರು. ಆಸ್ಪತ್ರೆಯ ಚೀಟಿ ಕೊಡುವ ಕಿಂಡಿಯ ಮುಂದೆ, ಜ್ವರ ಬಂದವರು ಕೂಡ ಎರಡು ಪಂಗಡವಾಗಿ ನಿಂತಿದ್ದರು. ಪ್ರಶ್ನೆ ಒಂದೇ: ಬೇಡ ಅಂದವನ ತೋಳು ಹಿಡಿದು ಪುರಸಭೆ ಲಸಿಕೆ ಚುಚ್ಚಬಹುದೇ, ಚುಚ್ಚಬಾರದೇ?

ಬೇಡ ಅಂದವನು ಅಣ್ಣ. ಚುಚ್ಚಬೇಕಾದವಳು ತಂಗಿ.

ತಂಗಿಗೆ ಊರಿಟ್ಟ ಹೆಸರು ಸೂಜಿಯಕ್ಕ. ಹನ್ನೊಂದು ವರ್ಷದಿಂದ ಪುರಸಭೆಯ ಲಸಿಕೆ ಕೊಠಡಿಯಲ್ಲಿ ಅವಳದೇ ಕೈ. ಅವಳನ್ನು ಕಂಡರೆ ಮಕ್ಕಳು ತಾಯಂದಿರ ಹಿಂದೆ ಬಚ್ಚಿಟ್ಟುಕೊಳ್ಳುತ್ತಿದ್ದವು, ತಾಯಂದಿರು ನಿಂತು ಕೈ ಮುಗಿಯುತ್ತಿದ್ದರು. ಅಣ್ಣ ಏಳನೇ ನಂಬರಿನ ಬಸ್ಸಿನ ಡ್ರೈವರು. ಡಿಪೋದಲ್ಲಿ ಅವನನ್ನು ಹ್ಯಾಂಡ್‌ಬ್ರೇಕ್ ಎನ್ನುತ್ತಿದ್ದರು. ಒಮ್ಮೆ ಎಳೆದು ನಿಂತನೆಂದರೆ ಮುಗಿಯಿತು, ಹಿಂದಿನಿಂದ ಹತ್ತು ಜನ ನೂಕಿದರೂ ಅಲುಗುವ ಆಸಾಮಿಯಲ್ಲ.

ಆ ವರ್ಷ ಊರಿಗೆ ದಡಾರ ಬಂದಿತ್ತು. ಆಟವಾಡಿಕೊಂಡಿದ್ದ ಮಕ್ಕಳು ಸಂಜೆಗೆ ಮೈ ಕೆಂಪಾಗಿ ಮಲಗುತ್ತಿದ್ದವು. ಹೆಚ್ಚಿನವು ಎದ್ದವು. ಎರಡು ಏಳಲಿಲ್ಲ. ಅವೆರಡಕ್ಕೂ ಇನ್ನೂ ಒಂಬತ್ತು ತಿಂಗಳು ತುಂಬಿರಲಿಲ್ಲ. ಅಷ್ಟು ಎಳೆಯ ಕೂಸಿಗೆ ಈ ಲಸಿಕೆ ಹಾಕುವ ಪದ್ಧತಿಯಿಲ್ಲ, ಸುತ್ತಲಿನ ದೊಡ್ಡವರೇ ಅದಕ್ಕೆ ಗೋಡೆ. ಆ ಗೋಡೆಯಲ್ಲಿ ಎಲ್ಲೋ ಬಿರುಕಿತ್ತು. ಎರಡನೆಯ ಕೂಸಿನ ಉಸಿರು ನಿಂತಾಗ ಸೂಜಿಯಕ್ಕ ಅದೇ ವಾರ್ಡಿನಲ್ಲಿದ್ದಳು. ತಾಯಿ ಅಳಲಿಲ್ಲ. ಕೂಸಿನ ಕಾಲುಚೀಲ ಜಾರಿತ್ತು, ಅದನ್ನು ಮೇಲಕ್ಕೆಳೆದಳು. ಸೂಜಿಯಕ್ಕನಿಗೆ ದೇವರ ಮುಂದೆ ಕಣ್ಣು ಮುಚ್ಚಿದಾಗಲೆಲ್ಲ ಬೇರೇನೂ ಕಾಣದೆ ಆ ಕಾಲುಚೀಲವೇ ಕಾಣುತ್ತಿತ್ತು.

ಪುರಸಭೆ ಎದ್ದು ಕೂತು ನಿಯಮ ಮಾಡಿತು. ಶಾಲೆ, ಆಸ್ಪತ್ರೆ, ಬಸ್ಸು, ಎಲ್ಲಿ ಜನ ಮೈಗೆ ಮೈ ತಾಗಿ ಕೂರುತ್ತಾರೋ ಅಲ್ಲಿ ದುಡಿಯುವವರೆಲ್ಲ ಲಸಿಕೆ ಹಾಕಿಸಿಕೊಳ್ಳಬೇಕು. ಅದರ ಏಳನೆಯ ಕಲಮಿನ ಕೊನೆಯ ಸಾಲು: ಒಪ್ಪದವರನ್ನು ಇಬ್ಬರು ನೌಕರರ ಸಹಾಯದಿಂದ ಹಿಡಿದು ಹಾಕತಕ್ಕದ್ದು.

ಡಿಪೋದಲ್ಲಿ ಲಸಿಕೆ ಹಾಕಿದ ದಿನವನ್ನು ಸೂಜಿಯಕ್ಕ ಹೇಗೆ ಮರೆತಾಳು? ಇನ್ನೂರ ಹನ್ನೆರಡು ಹೆಸರು, ರಜೆಯಲ್ಲಿದ್ದವರೂ ಬಂದಿದ್ದರು. ಟೈರು ಕೊಠಡಿಯ ಬಾಗಿಲಲ್ಲಿ ಮೇಜು, ಮೇಜಿನ ಮೇಲೆ ಮಂಜಿನ ಪೆಟ್ಟಿಗೆ, ಪಕ್ಕದಲ್ಲಿ ರಿಜಿಸ್ಟರು. ನಲವತ್ತೇಳನೆಯವನಾಗಿ ಅಣ್ಣ ಬಂದ. ತಂಗಿಯನ್ನು ನೋಡಿ ಹುಬ್ಬು ಹಾರಿಸಿ ಎಡತೋಳಿನ ಅಂಗಿಯನ್ನು ಅರ್ಧಕ್ಕೆ ಏರಿಸಿಯೂ ಆಗಿತ್ತು. ಅಷ್ಟರಲ್ಲಿ ಹಿಂದಿದ್ದ ಮೆಕ್ಯಾನಿಕ್ ತಮಾಷೆಗೆ, ಬೇಡ ಅಂದ್ರೆ ಏನು ಮಾಡ್ತೀರಿ ಅಂತ ಮ್ಯಾನೇಜರನ್ನು ಕೇಳಿದ. ಮ್ಯಾನೇಜರಿಗೆ ತಮಾಷೆ ತಿಳಿಯದು. ಕನ್ನಡಕ ಏರಿಸಿ ಏಳನೆಯ ಕಲಮನ್ನು ಕೊನೆಯ ಸಾಲಿನವರೆಗೂ ಗಟ್ಟಿಯಾಗಿ ಓದಿದರು. ಕೋಳಿನ ಕೇಳಿ ಯಾರೂ ಮಸಾಲೆ ಅರೆಯಲ್ಲ ಕಣಯ್ಯ ಅಂತ ತಮ್ಮದೊಂದು ಸೇರಿಸಿದರು.

ಅಣ್ಣ ಏರಿಸಿದ ತೋಳನ್ನು ಇಳಿಸಿದ. ಗುಂಡಿ ಹಾಕಿಕೊಂಡ.

"ಹಾಗಾದ್ರೆ ಬೇಡ," ಅಂದ. ಹ್ಯಾಂಡ್‌ಬ್ರೇಕ್ ಬಿತ್ತು.

ಆಮೇಲೆ ಎದ್ದ ಗದ್ದಲದಲ್ಲಿ ಯಾರು ಏನಂದರೆಂದು ಯಾರಿಗೂ ಗೊತ್ತಿಲ್ಲ. ಎರಡು ವಾರದಲ್ಲಿ ಅವನನ್ನು ಬಸ್ಸಿನಿಂದ ಇಳಿಸಿ ಡಿಪೋದಿಂದ ನೋಟಿಸು ಬಂತು, ನೋಟಿಸಿನ ಬೆನ್ನಿಗೆ ಹಿಡಿಯುವ ದಿನಾಂಕ ಬಂತು. ಆ ದಿನಾಂಕಕ್ಕೆ ಮೊದಲೇ ಅಣ್ಣ ನ್ಯಾಯಾಲಯದ ಮೆಟ್ಟಿಲೇರಿದ. ಲಸಿಕೆ ಸರಿಯೋ ತಪ್ಪೋ ಅವನು ಕೇಳಿರಲಿಲ್ಲ. ಆ ಕೊನೆಯ ಸಾಲನ್ನು ಮಾತ್ರ ಪ್ರಶ್ನಿಸಿದ್ದ.

ಹೀಗಿರುವಾಗ, ಹಿಂದಿನ ಮಧ್ಯಾಹ್ನ, ಪುರಸಭೆಯ ವಕೀಲರು ಲಸಿಕೆ ಕೊಠಡಿಗೆ ಹೆಚ್ಚುಕಡಿಮೆ ಕುಣಿಯುತ್ತಲೇ ಬಂದರು. ಕಂಕುಳಲ್ಲಿ ಡಿಪೋದ ರಿಜಿಸ್ಟರು, ಹಿಂದೆ ಆರೋಗ್ಯಾಧಿಕಾರಿ ಸಾಹೇಬರು. ಸೂಜಿಯಕ್ಕ ಕುರ್ಚಿ ಒರೆಸಿ ಕೊಟ್ಟರೂ ಅವರು ಕೂರಲಿಲ್ಲ. ಪುಟ ತೆರೆದು ಬೆರಳಿಟ್ಟರು. ನಲವತ್ತೇಳನೇ ಸಾಲು. ಅಣ್ಣನ ಹೆಸರು, ಸೀಸೆಯ ಸಂಖ್ಯೆ, 'ಹಾಕಿದೆ' ಎಂಬ ಕಾಲಮ್ಮಿನಲ್ಲಿ ಅವಳದೇ ಗಿಡ್ಡ ಸಹಿ.

ವಕೀಲರ ಲೆಕ್ಕಾಚಾರ ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸು. ಗದ್ದಲದ ಹೊತ್ತಿಗೆ ಆಸಾಮಿ ಬೇಡ ಅಂದಿರಬಹುದು, ಸಂಜೆಗೆ ಸಿಟ್ಟಿಳಿದು ತಂಗಿಯ ಹತ್ತಿರ ಹಾಕಿಸಿಕೊಂಡಿರಬಹುದು. ಲಸಿಕೆ ಆಗಿಯೇ ಹೋದಮೇಲೆ ಹಿಡಿಯುವ ಮಾತೆಲ್ಲಿ? ವ್ಯಾಜ್ಯವೇ ಇಲ್ಲ. ನ್ಯಾಯಾಧೀಶರು ಆ ದೊಡ್ಡ ಪ್ರಶ್ನೆಗೆ ಬಾಯಿ ಹಾಕುವ ಅಗತ್ಯವೇ ಬೀಳುವುದಿಲ್ಲ. ಕಲಮು ಉಳಿಯಿತು, ಪುರಸಭೆ ಗೆದ್ದಿತು.

"ನಾಳೆ ಕಟಕಟೆಯಲ್ಲಿ ನಿಂತು, ಈ ಸಹಿ ನಂದು, ಲಸಿಕೆ ಹಾಕಿದ್ದು ನಾನು ಅಂತ ಅನ್ನಿ ಸಾಕಮ್ಮ," ಅಂದರು. "ಒಂದು ನಿಮಿಷದ ಕೆಲಸ."

ಸಾಹೇಬರು ಮೆಲ್ಲಗೆ ಇನ್ನೊಂದು ಮಾತು ಸೇರಿಸಿದರು. ಈ ರಿಜಿಸ್ಟರಿನ ಒಂದು ಸಾಲು ಸುಳ್ಳಾದರೆ ಇನ್ನೂರ ಹನ್ನೆರಡೂ ಸುಳ್ಳು. ಸುಳ್ಳು ದಾಖಲೆ ಬರೆದವರಿಗೆ ಈ ಕೊಠಡಿಯಲ್ಲಿ ಕೆಲಸವಿಲ್ಲವೆಂಬ ನಿಯಮ ಅವಳಿಗೂ ಗೊತ್ತಲ್ಲ. ಗದರಿಸಿ ಹೇಳಲಿಲ್ಲ. ಅದಕ್ಕೇ ಅದು ಹೆಚ್ಚು ನಾಟಿತು.

ಅವರು ರಿಜಿಸ್ಟರು ಎತ್ತಿಕೊಂಡು ಹೋದ ಮೇಲೂ ಆ ಸಾಲು ಅವಳ ಕಣ್ಣ ಮುಂದೆಯೇ ಇತ್ತು. ಹೇಗಾಯಿತೆಂದು ಅವಳಿಗೆ ಒಂದು ಕ್ಷಣದಲ್ಲಿ ಹೊಳೆದಿತ್ತು, ಬೇರೆ ಯಾರಿಗೂ ಹೊಳೆಯಲು ಸಾಧ್ಯವಿರಲಿಲ್ಲ.

ದಡಾರದ ಲಸಿಕೆ ಪುಡಿಯಾಗಿ ಬರುತ್ತದೆ. ನೀರು ಬೆರೆಸಿದ ಮೇಲೆ ಅದರ ಆಯುಸ್ಸು ಆರು ಗಂಟೆ. ಒಂದು ಸೀಸೆಗೆ ಹತ್ತು ತೋಳು. ಅವಳಿಗೆ ಕೆಲಸ ಕಲಿಸಿದ ಹಿರಿಯ ದಾದಿ ಹೇಳಿಕೊಟ್ಟ ಪದ್ಧತಿಯೊಂದಿತ್ತು: ಸೀಸೆ ತೆರೆದ ಕೂಡಲೇ ಮುಂದಿನ ಹತ್ತು ಹೆಸರಿನ ಎದುರು ಸಂಖ್ಯೆ ಬರೆದು ಸಹಿ ಹಾಕಿಬಿಡು, ಆಮೇಲೆ ಸ್ಪಿರಿಟ್ ಹತ್ತಿದ ಕೈಯಲ್ಲಿ ಪೆನ್ನು ಹಿಡಿದರೆ ಶಾಯಿ ಹರಡುತ್ತೆ. ಹನ್ನೊಂದು ವರ್ಷ ಅವಳು ಹಾಗೇ ಮಾಡಿದ್ದಳು. ಯಾರಾದರೂ ಎದ್ದುಹೋದರೆ ಆ ಸಾಲನ್ನು ಹೊಡೆದುಹಾಕುತ್ತಿದ್ದಳು. ಆ ದಿನ ಐದನೇ ಸೀಸೆ ತೆರೆದು ನಲವತ್ತೊಂದರಿಂದ ಐವತ್ತರವರೆಗೆ ಬರೆದಳು. ಏಳನೆಯವನು ಅಣ್ಣ. ಅವನು ಬೇಡ ಅಂದು ಗಲಾಟೆಯೆದ್ದಾಗ ಸಿರಿಂಜಿನಲ್ಲಿ ಮದ್ದು ತುಂಬಿತ್ತು. ಪಕ್ಕದಲ್ಲಿ ಕೆಟಲ್ ಹಿಡಿದು ನಿಂತಿದ್ದ ಕ್ಯಾಂಟೀನಮ್ಮ, ಪಟ್ಟಿಯಲ್ಲಿ ಇಲ್ಲದವಳು, ಹಾಳಾಗೋದ್ಯಾಕೆ ನಂಗೇ ಹಾಕು ಅಂತ ತೋಳು ಚಾಚಿದ್ದಳು. ಸೂಜಿಯಕ್ಕ ಅವಳಿಗೇ ಹಾಕಿದಳು. ಆ ಗಡಿಬಿಡಿಯಲ್ಲಿ ಸಾಲು ಹೊಡೆಯುವುದು ಮರೆತೇಹೋಯಿತು. ಸಂಜೆ ಎಣಿಸಿದಾಗ ಹೆಸರು ಇನ್ನೂರ ಹನ್ನೆರಡು, ಸೂಜಿ ಇನ್ನೂರ ಹನ್ನೆರಡು. ತಾಳೆ ಸರಿಯಾಗಿತ್ತು. ಸರಿಯಾದ ತಾಳೆಯನ್ನು ಯಾರು ಎರಡನೇ ಸಲ ನೋಡುತ್ತಾರೆ?

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಹನ್ನೊಂದು ವರ್ಷದ ಮಡಕೆ ಅವಳ ಮಡಿಲಲ್ಲಿತ್ತು. ದೊಣ್ಣೆ ಕೂಡ ಅವಳ ಕೈಯಲ್ಲೇ ಇತ್ತು.

ಸಂಜೆ, ದೀಪ ಹಚ್ಚುವ ಹೊತ್ತಿಗೆ ಅತ್ತಿಗೆ ಮನೆಗೆ ಬಂದಳು. ಸುದ್ದಿ ಅವಳಿಗೆ ಆಗಲೇ ತಲುಪಿತ್ತು. ಪುರಸಭೆಯ ಗುಮಾಸ್ತನ ಹೆಂಡತಿ ಅವಳ ಪಕ್ಕದ ಮನೆ, ಆ ಗೋಡೆಗೆ ಕಿವಿಗಳು ಮಾತ್ರ ಅಲ್ಲ, ಬಾಯಿಯೂ ಇತ್ತು. ಚಪ್ಪಲಿ ಬಿಡುವ ಮೊದಲೇ ನಾದಿನಿಯ ಎರಡೂ ಕೈ ಹಿಡಿದುಕೊಂಡಳು. ಕಣ್ಣಲ್ಲಿ ನೀರಿತ್ತು, ಮುಖದಲ್ಲಿ ನಗುವಿತ್ತು.

"ಹೌದು ಅಂದ್ಬಿಡು ಕಣೆ," ಅಂದಳು. "ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ. ಇವರನ್ನ ಯಾರೂ ಹಿಡಿಯಲ್ಲ, ನಿನ್ನ ಕೆಲಸ ಎಲ್ಲೂ ಹೋಗಲ್ಲ, ಮುಂದಿನ ವಾರ ಬಸ್ ಹತ್ತುತ್ತಾರೆ. ದೇವರೇ ನಿನ್ನ ಕೈಯಲ್ಲಿ ಬರೆಸಿದಾನೆ ಅನ್ಕೋ."

ಸೂಜಿಯಕ್ಕನಿಗೆ ಒಂದು ಗಳಿಗೆ ಹಾಗೇ ಅನ್ನಿಸಿತು. ಎಷ್ಟು ಹಗುರ! ಒಂದು 'ಹೌದು', ಎಲ್ಲರೂ ಮನೆಗೆ. ಯಾರ ತೋಳಿಗೂ ಯಾರೂ ಕೈ ಹಾಕಬೇಕಿಲ್ಲ, ಅವಳ ಕೈಯಂತೂ ಅಣ್ಣನ ತೋಳಿನ ಮೇಲೆ ಏಳಬೇಕಿಲ್ಲ. ಈ ಆಸೆ ಬಾಯಿಯಲ್ಲಿ ಸಕ್ಕರೆಯಂತೆ ಕರಗುತ್ತಿತ್ತು. ಕರಗಿದ ಮೇಲೆ ಉಳಿದದ್ದು ಏಳನೇ ನಂಬರಿನ ಬಸ್ಸು. ಅದು ಆಸ್ಪತ್ರೆಯ ದಾರಿಯ ಬಸ್ಸು. ಅದರ ಮುಂದಿನ ಮೂರು ಸೀಟು ಕೂಸು ಹೊತ್ತ ತಾಯಂದಿರಿಗೆ. ಡ್ರೈವರಿನ ಬೆನ್ನಿಗೆ ಒಂದು ಮೊಳ ದೂರ. ಲಸಿಕೆ ಹಾಕಿಸಿಕೊಂಡ ಡ್ರೈವರೆಂದು ನಂಬಿ ಅವರು ಹತ್ತುತ್ತಾರೆ, ನಂಬಿಸುವ ಸಹಿ ಅವಳದು.

ಅತ್ತಿಗೆಯ ಕೈ ಬಿಡಿಸಿಕೊಂಡು ಹೊರಗೆ ಬಂದಳು. ಅಣ್ಣ ಬೀದಿಯ ಆಚೆ, ದೀಪದ ಕಂಬಕ್ಕೆ ಒರಗಿ ನಿಂತಿದ್ದ. ಹೆಂಡತಿಯ ಜೊತೆ ಬಂದಿದ್ದ, ಒಳಗೆ ಬರಲು ಸಂಕೋಚ. ಮೊಕದ್ದಮೆ ಹಾಕಿದಂದಿನಿಂದ ಅಣ್ಣತಂಗಿ ಮಾತು ಬಿಟ್ಟಿರಲಿಲ್ಲ, ಆದರೆ ಒಬ್ಬರ ಮನೆಯೊಳಗೆ ಒಬ್ಬರು ಕಾಲಿಟ್ಟಿರಲಿಲ್ಲ. ಅವಳು ರಿಜಿಸ್ಟರಿನ ವಿಷಯ ಇದ್ದದ್ದು ಇದ್ದ ಹಾಗೆ ಹೇಳಿದಳು. ಸೀಸೆ, ಹತ್ತು ಹೆಸರು, ಕ್ಯಾಂಟೀನಮ್ಮ, ಮರೆವು, ಯಾವುದನ್ನೂ ಬಿಡಲಿಲ್ಲ.

ಅಣ್ಣ ಮೊದಲು ನಕ್ಕ. ಆಮೇಲೆ ನಗು ನಿಂತಿತು.

"ಹಿಡಿದು ಚುಚ್ಚೋದು ಒಂದು ಥರ. ಚುಚ್ಚದೇನೇ ಚುಚ್ಚಿದೀನಿ ಅಂತ ಬರ್ಕೊಳ್ಳೋದು ಇನ್ನೊಂದು ಥರ. ಎರಡರಲ್ಲೂ ನನ್ನ 'ಬೇಡ' ಎಲ್ಲಿ ಹೋಯ್ತು, ಪುಟ್ಟಿ?"

ಅವಳಿಗೂ ರೇಗಿತು. ಬಾಯಿಗೆ ಬಂದದ್ದು ತಡೆಯಲಿಲ್ಲ. ನಿನ್ನ 'ಬೇಡ' ಎಲ್ಲಿ ಹೋಯಿತೆಂದು ಕೇಳುತ್ತೀಯ, ನಿನ್ನ ಬೆನ್ನ ಹಿಂದೆ ಕೂರುವ ಕೂಸಿಗೆ ಬೇಕು ಬೇಡ ಎನ್ನಲು ಬಾಯಿದೆಯೇ ಎಂದಳು. ಅಣ್ಣ, ತೋಳು ದೇವರು ತನಗೆ ಕೊಟ್ಟದ್ದು, ಪುರಸಭೆ ಕೊಟ್ಟದ್ದಲ್ಲ ಎಂದ. ಆ ಕೂಸಿಗೆ ಉಸಿರು ಕೊಟ್ಟವನೂ ಅದೇ ದೇವರು ಎಂದಳು ಅವಳು. ಇಬ್ಬರೂ ಏದುಸಿರು ಬಿಡುತ್ತ ನಿಂತರು. ಚಿಕ್ಕಂದಿನಲ್ಲಿ ಜಗಳವಾಡಿ ಸುಸ್ತಾದಾಗ ನಿಲ್ಲುತ್ತಿದ್ದಂತೆಯೇ.

ನಾಳೆ ಏನು ಹೇಳಲಿ ಎಂದು ಅವಳು ಕೊನೆಗೆ ಕೇಳಿದಳು. ಕೇಳಬಾರದಿತ್ತು, ಬಾಯಿ ತಡೆಯಲಿಲ್ಲ.

"ಅದನ್ನ ನಾನು ಹೇಳಲ್ಲ," ಅಂದ ಅಣ್ಣ. "ತೋಳು ನಂದು ಅಂತ ಕೋರ್ಟಿಗೆ ಹೋದವನು ನಿನ್ನ ನಾಲಿಗೆ ಹಿಡಿದ್ರೆ ಹೇಗೆ?"

ಬೆಳಿಗ್ಗೆ ನ್ಯಾಯಾಲಯದ ಮೆಟ್ಟಿಲ ಮೇಲೆ ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ. ಡಿಪೋದವರು ಎರಡು ಬಸ್ಸು ತುಂಬಿ ಬಂದಿದ್ದರು. ಕೂಸು ಎತ್ತಿಕೊಂಡ ತಾಯಂದಿರು ಒಂದು ಕಡೆ ಸಾಲಾಗಿ ನಿಂತಿದ್ದರು. 'ನನ್ನ ಮೈ ನನ್ನದು' ಎಂದು ರಟ್ಟಿನ ಮೇಲೆ ಬರೆದುಕೊಂಡು ಬಂದವರು ಅವರ ಎದುರಿಗೇ ನಿಂತಿದ್ದರು. ರಟ್ಟು ಹಿಡಿದವನೊಬ್ಬ ಸೀನಿದಾಗ ತಾಯಂದಿರೆಲ್ಲ ಒಮ್ಮೆಗೇ ಹಿಂದೆ ಸರಿದರು. ಜನ ಗೊಳ್ಳೆಂದರು, ಸೀನಿದವನೂ ನಕ್ಕ. ಸೂಜಿಯಕ್ಕ ಎಂದಿನ ಚರ್ಮದ ಚೀಲ ಹೆಗಲಿಗೆ ಹಾಕಿಕೊಂಡೇ ಬಂದಿದ್ದಳು. ಅಲ್ಲಿಂದ ನೇರ ಕೆಲಸಕ್ಕೆ ಹೋಗುವುದೆಂದು. ಕೆಲಸ ಇರುತ್ತದೋ ಇಲ್ಲವೋ, ಅದು ಬೇರೆ. ಭಯವಿತ್ತು, ಸುಳ್ಳಲ್ಲ. ಆದರೆ ಭಯದ ಕೆಳಗೆ ಇನ್ನೊಂದಿತ್ತು. ಉದ್ದದ ಪದ್ಯವನ್ನು ಒಂದೇ ಉಸಿರಿಗೆ ಒಪ್ಪಿಸಲು ಎದ್ದು ನಿಂತ ಮಗುವಿನ ಎದೆಯಲ್ಲಿ ಇರುತ್ತದಲ್ಲ, ಆ ಕುದಿತ.

ನ್ಯಾಯಾಧೀಶೆ ಐವತ್ತು ದಾಟಿದ ಹೆಂಗಸು. ಬೆಳ್ಳಿ ಕೂದಲು, ಚೂಪು ಕಣ್ಣು. ಅಣ್ಣನ ಪರ ನಿಂತವರು ಕಡ್ಡಿಯಂಥ ವಕೀಲಮ್ಮ. ನೋಡಿದರೆ ಗಾಳಿಗೆ ಹಾರಿಹೋಗುವಂತಿದ್ದರು, ಮಾತಿಗೆ ನಿಂತರೆ ಗಾಳಿಯೇ ಹಾರಬೇಕು. ಆದರೆ ಮೊದಲು ಪುರಸಭೆಯ ವಕೀಲರ ಸರದಿ. ಸೂಜಿಯಕ್ಕ ಕಟಕಟೆ ಹತ್ತಿದಳು. ಅಡ್ಡಪಟ್ಟಿಯ ಮರ ಎಷ್ಟೋ ಜನರ ಬೆವರುಗೈ ತಾಗಿ ನುಣುಪಾಗಿತ್ತು. ಅವಳ ಬೆವರೂ ಅದಕ್ಕೆ ಸೇರಿತು.

ವಕೀಲರು ರಿಜಿಸ್ಟರು ಎತ್ತಿ ಹಿಡಿದರು. ಇದು ನಿಮ್ಮದೇ? ಹೌದು. ನಲವತ್ತೇಳನೇ ಸಾಲಿನ ಬರಹ ನಿಮ್ಮದೇ? ಹೌದು. ಸಹಿ? ನನ್ನದೇ. ವಕೀಲರು ಜನರ ಕಡೆ ತಿರುಗಿ, ದೇವರಿಗೆ ಹೂ ಏರಿಸುವವರಂತೆ ಕೊನೆಯ ಪ್ರಶ್ನೆ ಏರಿಸಿದರು: ಅಂದಮೇಲೆ ಈ ಮನುಷ್ಯನಿಗೆ ನೀವು ಲಸಿಕೆ ಹಾಕಿದ್ದೀರಿ?

ಅವಳು ಅಣ್ಣನ ಕಡೆ ನೋಡಲಿಲ್ಲ. ಸಾಹೇಬರ ಕಡೆಯೂ ನೋಡಲಿಲ್ಲ.

"ಇಲ್ಲ," ಅಂದಳು.

ಕೊಠಡಿ ಒಮ್ಮೆ ಉಸಿರು ಬಿಗಿಹಿಡಿಯಿತು, ಆಮೇಲೆ ಒಡೆಯಿತು. ರಟ್ಟಿನವರು ಚಪ್ಪಾಳೆ ತಟ್ಟಿದರು. ಡಿಪೋದವರು ನಮಗೂ ಹಾಕಿಲ್ವೇನಪ್ಪಾ ಎಂದು ತಮ್ಮತಮ್ಮ ತೋಳು ಮುಟ್ಟಿ ನೋಡಿಕೊಂಡರು. ಸಾಹೇಬರು ಎರಡು ಕೈಯಲ್ಲೂ ಹಣೆ ಹಿಡಿದುಕೊಂಡರು. ಪುರಸಭೆಯ ವಕೀಲರ ಬಾಯಿ ತೆರೆದದ್ದು ತೆರೆದೇ ಇತ್ತು. ನ್ಯಾಯಾಧೀಶೆ ಮೇಜು ಕುಟ್ಟಿ ಕುಟ್ಟಿ ಸದ್ದಡಗಿಸಿ, ಹಾಗಾದರೆ ಈ ಸಹಿ ಎಲ್ಲಿಂದ ಬಂತೆಂದು ಕೇಳಿದರು.

ಸೂಜಿಯಕ್ಕ ಹೇಳಿದಳು. ಹೇಳಿದ್ದು ಅವರಿಗೆ ಪೂರ್ತಿ ಹತ್ತಲಿಲ್ಲ. ಆಗ ಅವಳು ಚೀಲದಿಂದ ಖಾಲಿ ಸೀಸೆಯೊಂದನ್ನು ತೆಗೆದು ಅಡ್ಡಪಟ್ಟಿಯ ಮೇಲಿಟ್ಟಳು. ಗುಮಾಸ್ತರಿಂದ ಕಾಗದ ಇಸಿದುಕೊಂಡು ಎದುರಿನ ಸಾಲಿನಲ್ಲಿ ಕೂತ ಹತ್ತು ಜನರನ್ನು ಬೆರಳಿನಿಂದ ಎಣಿಸಿ, ಹತ್ತು ಗೆರೆ ಎಳೆದು, ಹತ್ತು ಸಹಿ ಹಾಕಿದಳು. ಆಮೇಲೆ ಏಳನೆಯವನಿಗೆ ಎದ್ದು ಹೊರಗೆ ಹೋಗಲು ಹೇಳಿದಳು. ಏಳನೆಯವನು ಸೀನಿದ್ದ ಆ ರಟ್ಟಿನವನೇ. ಹೋಗಲೋ ಬೇಡವೋ ಎಂದು ನ್ಯಾಯಾಧೀಶೆಯ ಮುಖ ನೋಡಿದ, ಅವರು ತಲೆಯಾಡಿಸಿದರು, ಹೋದ. ಕಾಗದದಲ್ಲಿ ಮಾತ್ರ ಅವನ ಗೆರೆಯ ಮೇಲೆ ಅವಳ ಸಹಿ ಕೂತೇ ಇತ್ತು. ಅವಳು ಅದನ್ನು ಎತ್ತಿ ತೋರಿಸಿದಳು. ಹೊಡೆಯಬೇಕಿತ್ತು, ಮರೆತೆ, ತಪ್ಪು ನಂದು ಅಂದಳು.

ಇದೆಲ್ಲ ಅಣ್ಣನನ್ನು ಗೆಲ್ಲಿಸಲು ಕಟ್ಟಿದ ಕಥೆಯೆಂದು ವಕೀಲರು ಚೇತರಿಸಿಕೊಂಡು ಎದ್ದರು. ಹಾಗಾದರೆ ಆ ಮದ್ದು ಯಾರ ತೋಳಿಗೆ ಹೋಯಿತು, ಗಾಳಿಗೋ ಎಂದು ಕೆಣಕಿದರು.

ಸೂಜಿಯಕ್ಕ ಬಾಯಿ ತೆರೆಯುವ ಮೊದಲೇ ಹಿಂದಿನ ಸಾಲಿನಲ್ಲಿ ಕ್ಯಾಂಟೀನಮ್ಮ ಎದ್ದುನಿಂತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಎಡತೋಳು ಎತ್ತಿದ್ದಳು.

"ಇಲ್ಲಿಗೆ ಸ್ವಾಮಿ. ಎರಡು ದಿನ ತೋಳೆತ್ತಕ್ಕಾಗಿಲ್ಲ. ನಾನು ಎಡಚಿ, ಇಡೀ ಡಿಪೋಗೆ ಬಲಗೈಯಲ್ಲೇ ಚಾ ಸುರಿದಿದೀನಿ, ಕೇಳಿ ಬೇಕಾದ್ರೆ."

ಬೇಕಾದವರು ನೂರು ಜನ ಇದ್ದರು. ಹೌದು ಹೌದು, ಎರಡು ದಿನ ಲೋಟ ತುಂಬಿರಲಿಲ್ಲ ಎಂದರು. ನ್ಯಾಯಾಧೀಶೆ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡು ಕೆಮ್ಮಿದರು. ಕೆಮ್ಮೋ ನಗುವೋ, ದಾಖಲೆಯಲ್ಲಿ ಕೆಮ್ಮು ಎಂದೇ ಆಗಿರಬೇಕು.

ಕಡ್ಡಿಯಂಥ ವಕೀಲಮ್ಮ ಎದ್ದು ಒಂದೇ ಪ್ರಶ್ನೆ ಕೇಳಿದರು. ಆ ಕಲಮು ಓದುವ ಮೊದಲು ಇವರು ಏನು ಮಾಡುತ್ತಿದ್ದರು? ಅಂಗಿ ಅರ್ಧಕ್ಕೆ ಏರಿಸಿದ್ದ ಎಂದಳು ಸೂಜಿಯಕ್ಕ. ವಕೀಲಮ್ಮ ಅಷ್ಟು ಸಾಕೆಂದು ಕೂತರು.

ಕಟಕಟೆಯಿಂದ ಇಳಿಯಲು ಹೊರಟವಳನ್ನು ನ್ಯಾಯಾಧೀಶೆಯೇ ತಡೆದರು. ಕಲಮು ಉಳಿದರೆ, ಇಬ್ಬರು ನೌಕರರು ಹಿಡಿದು ಕೊಟ್ಟ ತೋಳಿಗೆ ನೀವು ಹಾಕುತ್ತೀರೋ ಎಂದರು. ಕಾನೂನಿನ ಪ್ರಶ್ನೆ ಅಲ್ಲ, ಕೆಲಸದ ಪ್ರಶ್ನೆ, ಯೋಚಿಸಿ ಹೇಳಿ ಎಂದರು.

ಅವಳಿಗೆ ಯೋಚಿಸುವುದೇನೂ ಇರಲಿಲ್ಲ. ಎರಡು ತಿಂಗಳಿಂದ ಯೋಚಿಸಿ ಆಗಿತ್ತು. ಆದರೆ ಬಾಯಿಗೆ ಬರುವ ಹೊತ್ತಿಗೆ ಎರಡು ಮಾತೂ ಒಟ್ಟಿಗೇ ಬಂದವು.

"ಅಲುಗಾಡೋ ತೋಳಿಗೆ ಸೂಜಿ ಹಾಕಿದ್ರೆ ಸೂಜಿ ಮುರಿಯುತ್ತೆ, ತಾಯಿ. ಹಿಡಿದು ಕೊಟ್ಟ ತೋಳಿಗೆ ನಾನು ಹಾಕಲ್ಲ. ನನ್ನ ಕೈಲಿ ಆಗಲ್ಲ." ಅಣ್ಣನ ಕಡೆ ಮೊದಲ ಸಲ ತಿರುಗಿದಳು. "ಆದ್ರೆ ಅವನನ್ನ ಆ ಬಸ್ಸಿಗೆ ಮಾತ್ರ ಹತ್ತಿಸಬೇಡಿ. ಅವನು ನನ್ನ ಒಡಹುಟ್ಟಿದವನು. ಆದ್ರೂ ಹತ್ತಿಸಬೇಡಿ."

ಈಗ ಚಪ್ಪಾಳೆ ತಟ್ಟಿದ್ದು ತಾಯಂದಿರು. ಅಣ್ಣನ ಮುಖ ಇದ್ದಲಿನಂತಾಯಿತು. ಇಪ್ಪತ್ತೆರಡು ವರ್ಷ ಆ ಸ್ಟೀರಿಂಗ್ ಹಿಡಿದ ಕೈಗಳು ತೊಡೆಯ ಮೇಲೆ ಮುಷ್ಟಿಯಾದವು. ಅತ್ತಿಗೆ ಬೇರೆ ಕಡೆ ಮುಖ ತಿರುಗಿಸಿಕೊಂಡಳು. ಸೂಜಿಯಕ್ಕ ಮೆಟ್ಟಿಲಿಳಿಯುವಾಗ ಕಾಲು ಹೂವಾಗಿತ್ತು, ಎದೆ ಕಲ್ಲಾಗಿತ್ತು.

ತೀರ್ಪು ಮಧ್ಯಾಹ್ನ ಮೂರಕ್ಕೆ. ಅಲ್ಲಿಯವರೆಗೆ ಯಾರೂ ಮನೆಗೆ ಹೋಗಲಿಲ್ಲ. ಅಂಗಳದಲ್ಲಿ ಎರಡೂ ಪಂಗಡದವರು ಒಂದೇ ನಲ್ಲಿಯ ಮುಂದೆ ಸಾಲು ನಿಂತು ನೀರು ಕುಡಿದರು, ಕುಡಿದು ಮತ್ತೆ ಬೇರೆಬೇರೆ ಹೋಗಿ ನಿಂತರು. ಮೂರು ಹೊಡೆಯಿತು. ನ್ಯಾಯಾಧೀಶೆ ಓದುವಾಗ, ಪದ್ಯ ಬಲ್ಲವರು ನಿಲ್ಲಿಸುವ ಕಡೆ ನಿಲ್ಲಿಸಿ, ಏರಿಸುವ ಕಡೆ ಏರಿಸಿ ಓದಿದರು. ಒಂದು ಅಕ್ಷರವೂ ಜಾರಲಿಲ್ಲ. ಊರಿನ ಜೀವ ಕಾಯುವುದು ಪುರಸಭೆಯ ಹಕ್ಕು ಮಾತ್ರವಲ್ಲ, ಧರ್ಮ. ರೋಗ ಇರುವ ತನಕ, ಕೊನೆಯ ರೋಗಿಯ ನಂತರ ನಲವತ್ತೆರಡು ದಿನ ಕಳೆಯುವ ತನಕ, ಲಸಿಕೆಯಿಲ್ಲದವನು ತುಂಬಿದ ಬಸ್ಸು ಓಡಿಸಬಾರದೆಂದು ಅದು ಹೇಳಬಹುದು. ಆದರೆ ಬೇರೆ ಕೆಲಸ ಕೊಟ್ಟು ದೂರವಿಡಬೇಕೇ ಹೊರತು ಹಿಡಿದು ಚುಚ್ಚುವಂತಿಲ್ಲ. ಮನುಷ್ಯನ ಚರ್ಮದ ಹೊರಗೆ ನಿಂತು ಸರ್ಕಾರ ಎಷ್ಟು ಬೇಕಾದರೂ ಮಾತಾಡಲಿ. ಒಳಗೆ ಹೋಗಬೇಕಾದರೆ ಬಾಗಿಲು ಒಳಗಿನವನೇ ತೆರೆಯಬೇಕು. ಏಳನೆಯ ಕಲಮಿನ ಕೊನೆಯ ಸಾಲು ರದ್ದು.

ಗೆದ್ದವರು ಯಾರೆಂದು ತಿಳಿಯದೆ ಎಲ್ಲರೂ ಕೂಗಿದರು. ರಟ್ಟುಗಳು ಮೇಲೆ ಹಾರಿದವು, ಕೂಸುಗಳು ಎಚ್ಚೆತ್ತು ಅತ್ತವು.

ಸಾಹೇಬರು ಮೆಟ್ಟಿಲ ಕೆಳಗೆ ಕಾಯುತ್ತಿದ್ದರು. ಸೂಜಿಯಕ್ಕ ಚೀಲ ಹೆಗಲಿಂದ ತೆಗೆದು ಮುಂದೆ ಚಾಚಿದಳು, ತೆಗೆದುಕೊಳ್ಳಿ ಎನ್ನುವಂತೆ. ಅವರು ತೆಗೆದುಕೊಳ್ಳಲಿಲ್ಲ. ಸಿಟ್ಟಿನಿಂದ ಅವರ ಮೀಸೆ ಕುಣಿಯುತ್ತಿತ್ತು. ಮೂರು ದಿನದೊಳಗೆ ಇನ್ನೂರ ಹನ್ನೆರಡು ಜನರನ್ನೂ ಮುಖಾಮುಖಿ ಕಂಡು, ಪ್ರತಿಯೊಬ್ಬರ ಬಾಯಿಂದ ಕೇಳಿ, ಅವರವರ ಸಹಿ ಹಾಕಿಸಿ ಹೊಸ ರಿಜಿಸ್ಟರು ತರಬೇಕು. ಇನ್ನೊಂದು ಸಾಲು ತಪ್ಪು ಸಿಕ್ಕಿದರೂ ಅವಳು ಮನೆಗೆ. ಹತ್ತು ಹೆಸರಿನ ಪದ್ಧತಿಯನ್ನು ಈ ಊರಲ್ಲಿ ಇನ್ನು ಯಾರೂ ಮಾಡುವಂತಿಲ್ಲ, ಶಾಯಿ ಹರಡಿದರೆ ಹರಡಲಿ ಎಂದರು.

ಮರುದಿನ ಬೆಳಗಿನ ಆರಕ್ಕೆ, ಮೊದಲ ಪಾಳಿಯವರು ಬರುವ ಮುಂಚೆಯೇ ಅವಳು ಡಿಪೋದಲ್ಲಿದ್ದಳು. ನಿದ್ದೆಯಿಲ್ಲದ ಕಣ್ಣು ಉರಿಯುತ್ತಿತ್ತು, ಕಾಲು ಮಾತ್ರ ಓಡುತ್ತಿತ್ತು. ಜನ ಸಾಲುಗಟ್ಟಿದರು. ನನಗೆ ಹಾಕಿದ್ದೀಯೋ ಇಲ್ಲವೋ ನನಗೇ ಮರೆತುಹೋಯ್ತಲ್ಲಕ್ಕ, ನಿನ್ನ ಮುಖ ನೋಡಿದ್ರೆ ಮಾತ್ರ ತೋಳು ನೋಯುತ್ತೆ ಎಂದ ಒಬ್ಬ ಕಂಡಕ್ಟರು. ಮೆಕ್ಯಾನಿಕ್ ಬೇಡದ ತಮಾಷೆ ಮಾಡಿದವನು ತಾನೆಂದು ತಲೆ ತಗ್ಗಿಸಿ ಸಹಿ ಹಾಕಿದ. ಒಂದೊಂದೇ ಹೆಸರು, ಒಂದೊಂದೇ ಮುಖ. ಪ್ರತಿ ಸಾಲೂ ಸರಿಯಿತ್ತು. ನೂರು ದಾಟಿದಾಗ ಅವಳಿಗೆ ಹಾಡಬೇಕೆನ್ನಿಸಿತು. ಎರಡನೆಯ ದಿನ ಇನ್ನೂರು ದಾಟಿತು. ಮೂರನೆಯ ದಿನ ಬೆಳಿಗ್ಗೆ ಇನ್ನೂರ ಹನ್ನೊಂದು ಆಯಿತು.

ಉಳಿದದ್ದು ನಲವತ್ತೇಳು.

ಅಣ್ಣನಿಗೆ ಬಸ್ಸು ತೊಳೆಯುವ ಅಂಗಳದಲ್ಲಿ ಕೆಲಸ ಕೊಟ್ಟಿದ್ದರು. ಮೊಣಕಾಲವರೆಗೆ ರಬ್ಬರಿನ ಬೂಟು, ಕೈಯಲ್ಲಿ ನೀರಿನ ಪೈಪು. ತನ್ನದೇ ಏಳನೇ ನಂಬರನ್ನು ತೊಳೆಯುತ್ತಿದ್ದ. ಅವಳು ಬಂದದ್ದು ಕಂಡರೂ ಕಾಣದವನಂತೆ ಹಿಂದಿನ ಗಾಜು ಪೂರ್ತಿ ಮುಗಿಸಿದ. ಆಮೇಲೆ ನಲ್ಲಿ ತಿರುಗಿಸಿದ.

ಅವಳು ಒದ್ದೆಯಾಗದ ಕಡೆ, ಬಸ್ಸಿನ ಮೆಟ್ಟಿಲ ಮೇಲೆ ಕೂತು ರಿಜಿಸ್ಟರು ತೆರೆದಳು. ಅಣ್ಣನೂ ಬಂದು ಒಂದು ಮೆಟ್ಟಿಲು ಕೆಳಗೆ ಕೂತ. ಬಸ್ಸಿನಿಂದ ಸಾಬೂನಿನ ನೀರು ತೊಟ್ಟಿಕ್ಕುತ್ತಿತ್ತು. ನೀನು ಕೋರ್ಟಿನಲ್ಲಿ ನನ್ನ ಹೊಟ್ಟೆಗೆ ಒದ್ದೆ ಎಂದ. ಹೌದು ಎಂದಳು. ಆ ಮಾತು ಅಲ್ಲಿಗೇ ನಿಂತಿತು, ಇಬ್ಬರೂ ಅದನ್ನು ಮುಂದೆ ಎಳೆಯಲಿಲ್ಲ.

ಆಮೇಲೆ ಅವನೇ ಕೇಳಿದ. ಹಾಕಿಸಿಕೊಂಡ ಮೇಲೆ ಎಷ್ಟು ದಿನಕ್ಕೆ ಅದು ಮೈಗೆ ಹಿಡಿಯುತ್ತೆ? ಎರಡು ವಾರ. ಜ್ವರ ಬರುತ್ತಾ? ಕೆಲವರಿಗೆ ಬರಬಹುದು, ಒಂದೆರಡು ದಿನ. ಆ ಎರಡು ಕೂಸುಗಳು ಯಾವ ಬಸ್ಸಲ್ಲಿ ಬರ್ತಿದ್ವು, ಗೊತ್ತಾ? ಗೊತ್ತಿಲ್ಲ ಎಂದಳು ಅವಳು. ನಿಜವಾಗಿಯೂ ಗೊತ್ತಿರಲಿಲ್ಲ. ಗೊತ್ತಿದ್ದರೂ ಹೇಳುತ್ತಿದ್ದಳೋ ಇಲ್ಲವೋ.

ಅಣ್ಣ ತನ್ನ ಒದ್ದೆ ಕೈಗಳನ್ನೇ ನೋಡುತ್ತ ಕೂತಿದ್ದ. ಚೀಲದಲ್ಲಿ ಮದ್ದಿತ್ತು, ಸೂಜಿಯಿತ್ತು. ಅವಳಿಗೆ ಹಾಕಿಸಿಕೋ ಮಹಾರಾಯ ಎಂದು ಕಾಲಿಗೆ ಬೀಳಬೇಕೆನ್ನಿಸಿತು. ಬೀಳಲಿಲ್ಲ. ಪೆನ್ನಿನ ಮುಚ್ಚಳ ತೆಗೆದು ಕೇಳಿದಳು.

"ಹಾಕಲಾ, ಅಣ್ಣ?"

"ಬೇಡ."

ಅವಳು ಬರೆದಳು. ಅಣ್ಣನ ಹೆಸರು, ಮುಂದೆ 'ಬೇಡ ಎಂದರು'. ಸಾಲು ಸರಿಯಿತ್ತು. ಸಹಿಗೆಂದು ರಿಜಿಸ್ಟರನ್ನು ಅವನ ಕಡೆ ತಿರುಗಿಸಿದಳು. ಅಣ್ಣ ಪೆನ್ನು ಹಿಡಿದು, ಆ ಸಾಲನ್ನು ಎರಡು ಸಲ ಓದಿ, ಸಹಿ ಹಾಕದೆ ಹಿಂದಕ್ಕೆ ಕೊಟ್ಟ.

"'ಇವತ್ತು' ಅಂತಾನೂ ಬರಿ," ಅಂದ. "ನಾನಂದಿದ್ದು ಇವತ್ತಿನ ಮಾತು."

ಬರೆದಳು. ಅವನು ಸಹಿ ಹಾಕಿದ. ಒದ್ದೆ ಬೆರಳಿಗೆ ಶಾಯಿ ಹರಡಿ ಸಾಲಿನ ಕೊನೆಯಲ್ಲಿ ನೀಲಿ ಗುರುತೊಂದು ಮೂಡಿತು. ಅವಳು ಅದನ್ನು ಒರೆಸಲಿಲ್ಲ, ಒಣಗಲೆಂದು ಪುಟವನ್ನು ಗಾಳಿಗೆ ಹಿಡಿದುಕೊಂಡು ಕೂತಳು.